ಹನಿಯೊಳಗೆ ನಿಂತ ಶಬ್ದ: ಹಾಲು, ಎಣ್ಣೆ, ಪೆಟ್ರೋಲಿನಲ್ಲಿ ಏನಿದೆ ಎಂದು ತಿಳಿಯುವ ಹೊಸ ದಾರಿ

ಉಡುಪಿ ಕಡೆಯ ಹಾಲಿನ ಸೊಸೈಟಿಯಲ್ಲಿ ಬೆಳಗ್ಗೆ ಹೊತ್ತು ಒಂದು ಸಣ್ಣ ಪೆಟ್ಟಿಗೆ ಪುರುಸೊತ್ತಿಲ್ಲದೆ ಕೆಲಸ ಮಾಡುತ್ತಿರುತ್ತದೆ. ತಂದ ಹಾಲಿನಲ್ಲಿ ಸ್ವಲ್ಪ ತೆಗೆದು ಪುಟ್ಟ ಕಪ್ಪಿಗೆ ಹಾಕಿ ಅದರ ನಳಿಗೆಗೆ ಹಿಡಿಯುತ್ತಾರೆ. ಪೆಟ್ಟಿಗೆ ಹಾಲನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲೇ ಫ್ಯಾಟು ಇಷ್ಟು, ಎಸ್‌ಎನ್‌ಎಫ್ ಇಷ್ಟು ಎಂದು ಅಂಕಿ ಬರುತ್ತದೆ. ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಪ್ರೋಟೀನು, ಹಾಲಿನ ಸಕ್ಕರೆ, ಲವಣಗಳು. ಲೀಟರಿಗೆ ಎಷ್ಟು ರೂಪಾಯಿ ಎಂಬುದು ಈ ಎರಡು ಅಂಕಿಗಳ ಮೇಲೆ ನಿಂತಿದೆ. ಹಾಗಾಗಿ ಅಲ್ಲಿ ಈ ಮಾತು ಆಗಾಗ ಕೇಳುತ್ತದೆ: "ಅಕ್ಕಾ, ಇವತ್ತು ಫ್ಯಾಟು ಸ್ವಲ್ಪ ಕಮ್ಮಿ ಉಂಟು." "ಎಂಥ ಮಾರಾಯ್ರೆ, ನಿನ್ನೆಯದ್ದೇ ದನ ಅಲ್ವಾ?"

ಇಂಥ ಪೆಟ್ಟಿಗೆಗಳಲ್ಲಿ ಹಲವು ಕೆಲಸ ಮಾಡುವುದು ಅಲ್ಟ್ರಾಸೌಂಡ್‌ನಿಂದ. ಅಂದರೆ ನಮ್ಮ ಕಿವಿಗೆ ಕೇಳದಷ್ಟು ಕೀಚಲು ಶಬ್ದವನ್ನು ಹಾಲಿನ ಮೂಲಕ ಕಳಿಸಿ, ಅದು ಎಷ್ಟು ಬೇಗ ದಾಟಿತು ಎಂದು ನೋಡುತ್ತವೆ. ಈ ಉಪಾಯ ಹೊಸದಲ್ಲ. ಹೊಸದು ಬಂದಿರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಅದರ ಹೆಸರು ಅಕೌಸ್ಟಿಕ್ ಮೆಟಾಮೆಟೀರಿಯಲ್. ಹೆಸರು ದೊಡ್ಡದು, ಆದರೆ ವಿಷಯ ಸ್ಪಷ್ಟವಾಗಿದೆ. ಒಂದು ಲೋಹ ಅಥವಾ ಪ್ಲಾಸ್ಟಿಕ್ ತುಂಡಿನೊಳಗೆ ತೂತು, ಕಂಬ, ಗೂಡುಗಳನ್ನು ಲೆಕ್ಕಾಚಾರವಾಗಿ ಜೋಡಿಸಿ, ಶಬ್ದ ಅದರೊಳಗೆ ನಾವು ಹೇಳಿದ ಹಾಗೆ ನಡೆಯುವಂತೆ ಮಾಡುವುದು. ಇಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಆಕಾರ. ಅದೇ ಪ್ಲಾಸ್ಟಿಕ್ಕನ್ನು ಬೇರೆ ರೀತಿ ಕೊರೆದರೆ ಶಬ್ದಕ್ಕೆ ಅದು ಬೇರೆಯೇ ವಸ್ತು.

ಮೊದಲು, ಶಬ್ದ ಯಾಕೆ ಬೇಕು ಎಂಬ ಪ್ರಶ್ನೆ. ಹಾಲಿಗೆ ಲ್ಯಾಕ್ಟೋಮೀಟರ್ ಇದೆಯಲ್ಲ? ಇದೆ, ಆದರೆ ಅದಕ್ಕೆ ಗೊತ್ತಾಗುವುದು ಸಾಂದ್ರತೆ ಒಂದೇ. ಕೊಬ್ಬು ನೀರಿಗಿಂತ ಹಗುರ. ಕೆನೆ ತೆಗೆದರೆ ಉಳಿದ ಹಾಲಿನ ಸಾಂದ್ರತೆ ಏರುತ್ತದೆ. ಆಮೇಲೆ ಅಳತೆ ನೋಡಿಕೊಂಡು ನೀರು ಹಾಕಿದರೆ ಸಾಂದ್ರತೆ ಇಳಿದು ಮೊದಲಿನ ಜಾಗಕ್ಕೇ ಬರುತ್ತದೆ. ಲ್ಯಾಕ್ಟೋಮೀಟರ್ ಸರಿಯಾಗಿಯೇ ತೇಲುತ್ತದೆ, ಹಾಲು ಮಾತ್ರ ಸರಿಯಿಲ್ಲ. ಇನ್ನು ಮನೆಯಲ್ಲಿ ಕುಡಿಯುವ ನೀರಿಗೆ ಅದ್ದುವ ಟಿಡಿಎಸ್ ಮೀಟರ್ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ನೋಡುತ್ತದೆ. ಅದಕ್ಕೆ ಉಪ್ಪು ಗೊತ್ತಾಗುತ್ತದೆ. ಸಕ್ಕರೆ, ಯೂರಿಯಾ, ಆಲ್ಕೋಹಾಲು ಕಾಣುವುದೇ ಇಲ್ಲ, ಯಾಕೆಂದರೆ ಅವು ನೀರಿನಲ್ಲಿ ಕರಗಿದರೂ ವಿದ್ಯುತ್ ಒಯ್ಯುವ ಅಯಾನುಗಳಾಗುವುದಿಲ್ಲ. ಬೆಳಕಿನಿಂದ ಪರೀಕ್ಷಿಸೋಣ ಎಂದರೆ ಹಾಲು, ಕಚ್ಚಾ ತೈಲದಂಥವು ಬೆಳಕನ್ನು ಸಲೀಸಾಗಿ ಒಳಗೆ ಬಿಡುವುದಿಲ್ಲ. ಶಬ್ದಕ್ಕೆ ಈ ತಕರಾರು ಇಲ್ಲ. ದ್ರವ ಬಿಳಿಯಿರಲಿ, ಕಪ್ಪಿರಲಿ, ಒಳಗೆ ಹೋಗುತ್ತದೆ.

ದ್ರವದಲ್ಲಿ ಶಬ್ದದ ವೇಗವನ್ನು ಎರಡು ಗುಣಗಳು ತೀರ್ಮಾನಿಸುತ್ತವೆ: ದ್ರವ ಎಷ್ಟು ಭಾರ ಮತ್ತು ಅದನ್ನು ಅದುಮುವುದು ಎಷ್ಟು ಕಷ್ಟ. ಅದುಮಲು ಕಷ್ಟವಾದಷ್ಟೂ ಶಬ್ದ ಬೇಗ ಓಡುತ್ತದೆ. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ಎಂಬ ಇಬ್ಬರು ಇದನ್ನು ನೇರವಾಗಿಯೇ ಅಳೆದರು. ಒಂದು ದೋಣಿಯಿಂದ ನೀರೊಳಗಿನ ಗಂಟೆ ಬಾರಿಸುವುದು, ಅದೇ ಕ್ಷಣಕ್ಕೆ ಮೇಲೆ ಮದ್ದಿನ ಪುಡಿ ಹೊತ್ತಿ ಮಿಂಚುವುದು. 13 ಕಿಲೋಮೀಟರಿಗಿಂತ ದೂರದ ಇನ್ನೊಂದು ದೋಣಿಯಲ್ಲಿ ಮಿಂಚು ಕಂಡ ಮೇಲೆ ಎಷ್ಟು ಹೊತ್ತಿಗೆ ಶಬ್ದ ಬಂತು ಎಂದು ಎಣಿಸುವುದು. ಅವರಿಗೆ ಸಿಕ್ಕಿದ್ದು 8 ಡಿಗ್ರಿಯ ನೀರಿನಲ್ಲಿ ಸೆಕೆಂಡಿಗೆ 1435 ಮೀಟರ್. ಈಗಿನ ಅಂಕಿಗೆ ಇದು ಬಹಳ ಹತ್ತಿರ. 25 ಡಿಗ್ರಿಯಲ್ಲಿ ಶುದ್ಧ ನೀರಿಗೆ ಸುಮಾರು 1497 ಮೀಟರ್. ಸಮುದ್ರದ ನೀರಿಗೆ ಅದೇ ಉಷ್ಣತೆಯಲ್ಲಿ ಸುಮಾರು 1535. ಪೆಟ್ರೋಲಿನಲ್ಲಿ 1200ರ ಆಸುಪಾಸು.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಸಮುದ್ರದ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಉಪ್ಪು. ವೇಗದ ವ್ಯತ್ಯಾಸ 38 ಮೀಟರ್. ಅಂದರೆ ಒಂದು ಗ್ರಾಂ ಉಪ್ಪಿಗೆ ಹೆಚ್ಚು ಕಡಿಮೆ ಒಂದು ಮೀಟರ್. 1500ರಲ್ಲಿ ಒಂದನ್ನು ಹಿಡಿಯುವುದು ಹೇಗೆ? ಅದೂ 13 ಕಿಲೋಮೀಟರ್ ಸರೋವರ ಇಲ್ಲದೆ, ಒಂದು ಹನಿಯಲ್ಲಿ?

ಇದಕ್ಕೆ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿರುವ ಅಲ್ಟ್ರಾಸೋನಿಕ್ ಇಂಟರ್‌ಫೆರೋಮೀಟರ್ ಒಳ್ಳೆಯ ಉತ್ತರ ಕೊಡುತ್ತದೆ. ಅದನ್ನು ಒಮ್ಮೆ ಕೈಯಲ್ಲಿ ತಿರುಗಿಸಿದವರಿಗೆ ಮೆಟಾಮೆಟೀರಿಯಲ್ ಅರ್ಥ ಮಾಡಿಕೊಳ್ಳುವುದು ಸಲೀಸು ಎಂದು ನನ್ನ ನಂಬಿಕೆ. ಲೋಹದ ಸಣ್ಣ ಕಪ್ಪು, ತಳದಲ್ಲಿ ನಾಣ್ಯದ ಹಾಗಿರುವ ಕ್ವಾರ್ಟ್ಜ್ ಹರಳು. ಅದು ಸೆಕೆಂಡಿಗೆ 20 ಲಕ್ಷ ಸಲ, ಅಂದರೆ 2 ಮೆಗಾಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಮೇಲಿನಿಂದ ಒಂದು ಲೋಹದ ಫಲಕ ಇಳಿದಿರುತ್ತದೆ. ಅದನ್ನು ಮೈಕ್ರೋಮೀಟರ್ ತಿರುಪಿನಿಂದ ಕೂದಲೆಳೆಯಷ್ಟು ಏರಿಸಬಹುದು, ಇಳಿಸಬಹುದು. ನಡುವೆ ನಮ್ಮ ದ್ರವ. ತಿರುಪನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ಹರಳಿಗೆ ಜೋಡಿಸಿದ ಮೀಟರಿನ ಮುಳ್ಳು ಸುಮ್ಮನೆ ಕೂತಿರುತ್ತದೆ, ಇದ್ದಕ್ಕಿದ್ದಂತೆ ಏರಿ ಮತ್ತೆ ಇಳಿಯುತ್ತದೆ. ಇನ್ನೂ ಸ್ವಲ್ಪ ತಿರುಗಿಸಿದರೆ ಮತ್ತೆ ಏರುತ್ತದೆ. ನೀರಿದ್ದರೆ ಈ ಏರಿಕೆ ಪ್ರತಿ 0.375 ಮಿಲಿಮೀಟರಿಗೆ ಒಮ್ಮೆ ಬರುತ್ತದೆ. ಅದು ಅಲೆಯ ಉದ್ದದ ಅರ್ಧ. ಹೋಗುವ ಅಲೆ ಮತ್ತು ಮರಳುವ ಅಲೆ ಸರಿಯಾಗಿ ಕೂಡಿಕೊಂಡಾಗ ದ್ರವದೊಳಗೆ ಶಬ್ದ ಕಟ್ಟಿ ನಿಲ್ಲುತ್ತದೆ. ಇದೇ ರೆಸೊನೆನ್ಸ್. ಏರಿಕೆಗಳ ನಡುವಿನ ದೂರ ಗೊತ್ತಾದರೆ ವೇಗ ಗೊತ್ತಾದ ಹಾಗೆ.

ಇಲ್ಲಿ ನಮ್ಮ ರಾಜ್ಯಕ್ಕೂ ಒಂದು ನಂಟಿದೆ. ದ್ರವದಲ್ಲಿ ಹೀಗೆ ಅಲ್ಟ್ರಾಸೌಂಡ್ ಕಟ್ಟಿದಾಗ ಅದರೊಳಗೆ ಬೆಳಕು ಹಾಯಿಸಿದರೆ ಬೆಳಕು ಸೀಳಿ ಗೆರೆಗಳಾಗುತ್ತದೆ. ಗೆರೆಗಳ ಅಂತರದಿಂದಲೂ ವೇಗ ಸಿಗುತ್ತದೆ. ಈ ಸೀಳುವಿಕೆಯ ಲೆಕ್ಕವನ್ನು 1935-36ರಲ್ಲಿ ಬಿಡಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ವಿ. ರಾಮನ್ ಮತ್ತು ನಾಗೇಂದ್ರ ನಾಥ್.

ಈಗ ತಿರುಪು ಬೇಡ, ಫಲಕವನ್ನು ಒಂದೇ ಕಡೆ ಗಟ್ಟಿ ಮಾಡೋಣ. ಬದಲಿಗೆ ಶಬ್ದದ ಶ್ರುತಿಯನ್ನು, ಅಂದರೆ ಸೆಕೆಂಡಿಗೆ ಎಷ್ಟು ಸಲ ಕಂಪನ ಎಂಬುದನ್ನು, ಮೆಲ್ಲನೆ ಏರಿಸುತ್ತಾ ಹೋಗೋಣ. ಯಾವ ಶ್ರುತಿಯಲ್ಲಿ ಮುಳ್ಳು ಏರುತ್ತದೆ ಎಂದು ನೋಡಿದರೆ ಆಯಿತು. ದ್ರವ ಬದಲಾದರೆ ಆ ಶ್ರುತಿ ಜರುಗುತ್ತದೆ. ಮುಕ್ಕಾಲು ಮಿಲಿಮೀಟರಿನ ಸಂದು ಸಾಕು, ಒಂದು ಹನಿ ಹಿಡಿಸಿದರೆ ಸಾಕು. ಕೇಳಲು ಬಲು ಚಂದ, ಆದರೆ ಒಂದು ತೊಡಕಿದೆ. ಗೋಡೆ ಸೋರುತ್ತದೆ.

ಈ ಸೋರಿಕೆ ಇಡೀ ವಿಷಯದ ಬೇರು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ. ಶಬ್ದ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೋಗುವಾಗ ಎಷ್ಟು ಮರಳುತ್ತದೆ ಎಂಬುದು ಒಂದು ಸಂಖ್ಯೆಯ ಮೇಲೆ ನಿಂತಿದೆ: ಸಾಂದ್ರತೆಯನ್ನು ಶಬ್ದದ ವೇಗದಿಂದ ಗುಣಿಸಿದಾಗ ಬರುವ ಸಂಖ್ಯೆ. ಉಕ್ಕಿನದ್ದು ನೀರಿನ ಸುಮಾರು 30 ಪಟ್ಟು. ಇಷ್ಟು ವ್ಯತ್ಯಾಸ ಇದ್ದರೂ ನೀರಿನಿಂದ ಉಕ್ಕಿಗೆ ಬಡಿದ ಶಬ್ದದ ಶಕ್ತಿಯಲ್ಲಿ ನೂರಕ್ಕೆ ಸುಮಾರು 12 ಪಾಲು ಪ್ರತಿ ಸಲ ಉಕ್ಕಿನೊಳಗೆ ಹೋಗಿಬಿಡುತ್ತದೆ. ಪ್ಲಾಸ್ಟಿಕ್ ಗೋಡೆಯಾದರೆ ಕೇಳುವುದೇ ಬೇಡ. ಅದರ ಸಂಖ್ಯೆ ನೀರಿಗೆ ಹತ್ತಿರ, ಹಾಗಾಗಿ ಶಬ್ದದ ಹತ್ತರಲ್ಲಿ ಒಂದು ಪಾಲು ಮರಳುವುದೂ ಕಷ್ಟ. ನಾಲ್ಕಾರು ಸಲ ಬಡಿಯುವಷ್ಟರಲ್ಲಿ ಶಬ್ದ ಖಾಲಿ. ಶಬ್ದ ಬೇಗ ಖಾಲಿಯಾದರೆ ರೆಸೊನೆನ್ಸ್ ಮೊಂಡಾಗುತ್ತದೆ. ಮುಳ್ಳು ಎಲ್ಲಿ ಅತಿ ಮೇಲೆ ಏರಿತು ಎಂದು ಖಚಿತವಾಗಿ ಹೇಳಲಾಗದು. ಒಂದು ಮೀಟರಿನ ವ್ಯತ್ಯಾಸ ಆ ಮೊಂಡುತನದಲ್ಲಿ ಮುಳುಗಿಹೋಗುತ್ತದೆ.

ಹಾಗಾದರೆ ಪೂರ್ತಿ ಕನ್ನಡಿಯಂಥ ಗೋಡೆ ಮಾಡಿದರೆ? ನೀರಿನ ಪಕ್ಕ ಗಾಳಿ ಇದ್ದರೆ ಸಾಕು, ಶಬ್ದದ ಶಕ್ತಿ ನೂರಕ್ಕೆ 99.9 ಪಾಲು ಮರಳುತ್ತದೆ. ಆದರೆ ಆಗ ಹೊರಗಿನಿಂದ ಶಬ್ದ ಒಳಗೆ ಹೋಗುವುದೂ ಇಲ್ಲ. ನಮಗೆ ಬೇಕಾದದ್ದು ಒಂದೇ ಒಂದು ಶ್ರುತಿಗೆ ಬಾಗಿಲು ತೆರೆದು, ಬಾಕಿ ಎಲ್ಲಕ್ಕೂ ಮುಚ್ಚಿರುವ ಗೋಡೆ. ಸಾದಾ ವಸ್ತುವಿನಲ್ಲಿ ಇಂಥದ್ದು ಸಿಗುವುದಿಲ್ಲ. ಇದನ್ನು ಆಕಾರದಿಂದ ಕಟ್ಟಬೇಕು.

ಹೀಗೆ ಕಟ್ಟಬಹುದು ಎಂಬುದಕ್ಕೆ ಒಂದು ಸಾಕ್ಷಿ ಸಿಕ್ಕಿದ್ದು ಬಯಲಿನಲ್ಲಿ, ಒಂದು ಶಿಲ್ಪದಲ್ಲಿ. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಯೂಸೆಬಿಯೋ ಸೆಂಪೆರೆ ಎಂಬ ಕಲಾವಿದ ಮಾಡಿದ ಶಿಲ್ಪವೊಂದಿದೆ. ಟೊಳ್ಳು ಸ್ಟೀಲ್ ಕೊಳವೆಗಳನ್ನು 10 ಸೆಂಟಿಮೀಟರ್ ಅಂತರದಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. 1995ರಲ್ಲಿ ಅಲ್ಲಿನ ವಿಜ್ಞಾನಿಗಳು ಅದರ ಮೂಲಕ ಶಬ್ದ ಹಾಯಿಸಿ ನೋಡಿದರು. 1670 ಹರ್ಟ್ಸ್ ಹತ್ತಿರದ ಶಬ್ದ ಗಣನೀಯವಾಗಿ ಕುಗ್ಗುತ್ತಿತ್ತು. ಆ ಶಬ್ದದ ಅಲೆಯ ಉದ್ದ ಗಾಳಿಯಲ್ಲಿ ಸುಮಾರು 20 ಸೆಂಟಿಮೀಟರ್, ಅರ್ಧ ಅಂದರೆ 10. ಕೊಳವೆಗಳ ಅಂತರವೂ ಅಷ್ಟೇ. ಒಂದೊಂದು ಸಾಲೂ ಮರಳಿಸುವುದು ಸ್ವಲ್ಪವೇ. ಆದರೆ ಅಂತರ ಅರ್ಧ ಅಲೆಯಷ್ಟಿದ್ದಾಗ ಎಲ್ಲ ಸಾಲುಗಳಿಂದ ಮರಳಿದ ಅಲೆಗಳೂ ಒಂದೇ ಹೆಜ್ಜೆಯಲ್ಲಿ ಬಂದು ಕೂಡಿಕೊಳ್ಳುತ್ತವೆ. ಸಣ್ಣ ಸಣ್ಣ ಮರಳುವಿಕೆ ಸೇರಿ ದೊಡ್ಡ ಗೋಡೆಯಾಗುತ್ತದೆ. ಹೀಗೆ ಒಂದು ಶ್ರುತಿಯ ಪಟ್ಟಿಗೆ ಪೂರ್ತಿ ತಡೆ ಹಾಕುವ ಸಾಲು ರಚನೆಗೆ ಫೋನಾನಿಕ್ ಕ್ರಿಸ್ಟಲ್ ಎನ್ನುತ್ತಾರೆ.

ಈಗ ಆ ಸಾಲಿನಲ್ಲಿ ಬೇಕೆಂದೇ ಒಂದು ತಪ್ಪು ಮಾಡಬೇಕು. ನಡುವಿನ ಒಂದು ಸಂದನ್ನು ಉಳಿದವುಗಳಿಗಿಂತ ಬೇರೆ ಅಳತೆಗೆ ಮಾಡಿ, ಅದರಲ್ಲಿ ದ್ರವ ತುಂಬಬೇಕು. ಸುತ್ತಲಿನ ಸಾಲುಗಳು ಶಬ್ದವನ್ನು ತಡೆಯುತ್ತಲೇ ಇರುತ್ತವೆ. ಆದರೆ ಆ ದ್ರವದ ಸಂದಿಗೆ ಹೊಂದುವ ಒಂದು ಶ್ರುತಿ ಮಾತ್ರ ಹೇಗೋ ಒಳಗೆ ನುಸುಳಿ, ಅಲ್ಲಿ ಸಿಕ್ಕಿಬಿದ್ದು, ಅತ್ತಿಂದಿತ್ತ ಬಡಿದಾಡಿ ಆಮೇಲೆ ಆಚೆ ಬರುತ್ತದೆ. ಅಳೆದರೆ ನಿಶ್ಶಬ್ದದ ನಡುವೆ ಸೂಜಿಯಂತೆ ಒಂದು ಮೊನೆ ಕಾಣುತ್ತದೆ. ಆ ಮೊನೆ ಎಲ್ಲಿದೆ ಎಂಬುದು ದ್ರವದಲ್ಲಿ ಶಬ್ದದ ವೇಗವನ್ನು ಹೇಳುತ್ತದೆ. ಮೊನೆ ಎಷ್ಟು ಅಗಲ ಎಂಬುದು ದ್ರವ ಶಬ್ದವನ್ನು ಎಷ್ಟು ನುಂಗುತ್ತದೆ ಎಂದು ಹೇಳುತ್ತದೆ. ತೆಂಗಿನೆಣ್ಣೆಯಂಥ ಮಂದ ದ್ರವದಲ್ಲಿ ಮೊನೆ ಅಗಲ, ನೀರಿನಲ್ಲಿ ಚೂಪು.

ಮುಕ್ಕಾಲು ಮಿಲಿಮೀಟರ್ ಸಂದಿನಲ್ಲಿ ಶಬ್ದ 1000 ಸಲ ಬಡಿದಾಡಿತು ಎನ್ನಿ. ಅದು ದ್ರವದಲ್ಲಿ 75 ಸೆಂಟಿಮೀಟರ್ ನಡೆದ ಹಾಗಾಯಿತು. ಹನಿಯನ್ನು ಹಿಗ್ಗಿಸದೆಯೇ ಅದರೊಳಗಿನ ದಾರಿಯನ್ನು ಹಿಗ್ಗಿಸಿದ್ದು. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದದ್ದು ಇದೇ. 2 ಮೆಗಾಹರ್ಟ್ಸ್‌ನಲ್ಲಿ ವೇಗ ಒಂದು ಮೀಟರ್ ಬದಲಾದರೆ ಮೊನೆ ಸುಮಾರು 1300 ಹರ್ಟ್ಸ್ ಜರುಗುತ್ತದೆ. ಎಲೆಕ್ಟ್ರಾನಿಕ್ಸ್‌ಗೆ ಶ್ರುತಿ ಎಣಿಸುವುದು ಬಹಳ ಸುಲಭದ ಕೆಲಸ, 1300 ಹರ್ಟ್ಸ್ ಅದಕ್ಕೆ ದೊಡ್ಡ ಅಂತರ.

ಜರ್ಮನಿಯ ಮ್ಯಾಗ್ಡಬರ್ಗ್ ವಿಶ್ವವಿದ್ಯಾಲಯದ ರಾಲ್ಫ್ ಲುಕ್ಲುಂ ಮತ್ತು ಜೊತೆಗಾರರು 2009ರ ಹೊತ್ತಿಗೆ ಈ ದಾರಿಯಲ್ಲಿ ದ್ರವದ ಗುಣ ಅಳೆಯುವ ಸೆನ್ಸರ್‌ಗಳ ಬಗ್ಗೆ ಬರೆದರು. ಆಮೇಲೆ ಅದೇ ಗುಂಪು ಪೆಟ್ರೋಲಿನ ಗುಣ ಅಳೆಯಲು ಇಂಥ ಸಂದುಗಳನ್ನು ಬಳಸಿತು. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ಹಾಕಿಸಿಕೊಳ್ಳುವ ನಮಗೆ ಇದು ದೂರದ ಮಾತಲ್ಲ. ಬಂಕಿನಲ್ಲಿ ಈಗ ಇರುವುದು ಫಿಲ್ಟರ್ ಪೇಪರ್ ಮೇಲೆ ಹನಿ ಹಾಕಿ ನೋಡುವುದು ಮತ್ತು ಸಾಂದ್ರತೆ ಅಳೆಯುವುದು.

ಇಲ್ಲಿಯವರೆಗೆ ನೋಡಿದ ಸಾಲು ರಚನೆ ಮೆಟಾಮೆಟೀರಿಯಲ್‌ನ ಒಂದು ಜಾತಿ. ಇನ್ನೊಂದು ಜಾತಿಯೂ ಇದೆ. ಸಾಲು ಜೋಡಣೆಯಲ್ಲಿ ಅಂತರ ಅರ್ಧ ಅಲೆಯಷ್ಟು ಇರಲೇಬೇಕು. ಶ್ರುತಿ ತಗ್ಗಿದ್ದರೆ ರಚನೆ ಬೃಹತ್ತಾಗುತ್ತದೆ. 2000ದಲ್ಲಿ ಹಾಂಗ್‌ಕಾಂಗಿನ ಪಿಂಗ್ ಶೆಂಗ್ ತಂಡ ಇದನ್ನು ತಪ್ಪಿಸಿತು. ಒಂದು ಸೆಂಟಿಮೀಟರಿನ ಸೀಸದ ಗುಂಡುಗಳಿಗೆ ಮೆತ್ತಗಿನ ಸಿಲಿಕೋನ್ ರಬ್ಬರ್ ಹೊದಿಸಿ, ಗಟ್ಟಿ ಎಪಾಕ್ಸಿಯಲ್ಲಿ ಹೂತರು. ಅದು 400 ಹರ್ಟ್ಸ್ ಸುತ್ತಮುತ್ತಲ ಶಬ್ದವನ್ನು ತಡೆಯಿತು. ಗಾಳಿಯಲ್ಲಿ ಆ ಅಲೆಯ ಉದ್ದವೇ 85 ಸೆಂಟಿಮೀಟರ್! ಗುಟ್ಟು ಇಷ್ಟು: ಉಯ್ಯಾಲೆಯನ್ನು ಅದರ ತಾಳಕ್ಕಿಂತ ಬೇಗ ಬೇಗ ತಳ್ಳಿದರೆ, ನಾವು ಮುಂದಕ್ಕೆ ತಳ್ಳುವ ಹೊತ್ತಿಗೆ ಅದು ನಮ್ಮ ಕಡೆಗೇ ಬರುತ್ತಿರುತ್ತದೆ. ರಬ್ಬರಿನಲ್ಲಿ ತೂಗುವ ಗುಂಡೂ ತನ್ನ ತಾಳಕ್ಕಿಂತ ತುಸು ಮೇಲಿನ ಶ್ರುತಿಗೆ ಹೀಗೆಯೇ ಎದುರು ಚಲಿಸುತ್ತದೆ. ಹೊರಗಿನಿಂದ ನೋಡಿದರೆ ಆ ವಸ್ತುವಿಗೆ ಋಣ ತೂಕ ಇದ್ದ ಹಾಗೆ. ಅಲೆ ಮುಂದೆ ಹೋಗಲಾರದು. ದ್ರವ ಅಳೆಯಲೂ ಈ ತತ್ವ ಬರುತ್ತದೆ. ತೂಗುವ ಭಾಗ ದ್ರವದ್ದೇ ಆದರೆ, ಅಥವಾ ದ್ರವವನ್ನು ಮುಟ್ಟಿದ್ದರೆ, ದ್ರವ ಬದಲಾದಂತೆ ತಾಳ ಬದಲಾಗುತ್ತದೆ.

ಇಷ್ಟೆಲ್ಲ ಇದ್ದ ಮೇಲೆ ಒಂದು ಹನಿ ಹಾಕಿದರೆ ಅದರಲ್ಲಿ ಏನೇನಿದೆ ಎಂದು ಪಟ್ಟಿಯೇ ಬರುತ್ತದಾ? ಇಲ್ಲ. ಈ ವಿಷಯದಲ್ಲಿ ಜನ ಜಾಸ್ತಿ ಎಡವುವುದು ಇಲ್ಲೇ. ಶಬ್ದ ಅಳೆಯುವುದು ದ್ರವದ ಮೈಗುಣವನ್ನು, ಹೆಸರನ್ನಲ್ಲ.

ಮಂಗಳೂರಿನ ಬೇಸಗೆಯನ್ನೇ ತೆಗೆದುಕೊಳ್ಳಿ. ನೇತ್ರಾವತಿಯಲ್ಲಿ ಹರಿವು ಕಮ್ಮಿಯಾದಾಗ ಉಬ್ಬರದ ಜೊತೆ ಉಪ್ಪುನೀರು ಅಳಿವೆಯಿಂದ ಒಳಗೆ ಏರುತ್ತದೆ, ದಡದ ಬಾವಿಗಳು ಸವಳಾಗುತ್ತವೆ. ತುಂಬೆಯಂಥ ಕಿಂಡಿ ಅಣೆಕಟ್ಟಿನಲ್ಲಿ ನಗರದ ಕುಡಿಯುವ ನೀರು ನಿಂತಿದೆ. ಅಲ್ಲಿ ಶಬ್ದದಿಂದ ಉಪ್ಪು ಅಳೆಯುತ್ತೇವೆ ಎಂದು ಹೊರಟರೆ ಮೊದಲು ಎದುರಾಗುವುದು ಉಷ್ಣತೆ. 25 ಡಿಗ್ರಿಯ ಸುಮಾರಿಗೆ ನೀರು ಒಂದು ಡಿಗ್ರಿ ಬಿಸಿಯಾದರೆ ವೇಗ ಎರಡೂವರೆ ಮೀಟರಿಗೂ ಹೆಚ್ಚು ಏರುತ್ತದೆ. ಅಂದರೆ ಒಂದು ಡಿಗ್ರಿ ಬಿಸಿ, ಕಿಲೋಗೆ ಎರಡೂವರೆ ಗ್ರಾಂ ಉಪ್ಪು ಹಾಕಿದ ಹಾಗೆ ಕಾಣುತ್ತದೆ. ಬೆಳಗ್ಗೆಗೂ ಮಧ್ಯಾಹ್ನಕ್ಕೂ ನೀರಿನ ಬಿಸಿ ಅಷ್ಟು ಬದಲಾಗುವುದು ಮಾಮೂಲು. ಉಪ್ಪನ್ನು ಸರಿಯಾಗಿ ಹಿಡಿಯಬೇಕಾದರೆ ಉಷ್ಣತೆಯನ್ನು ಡಿಗ್ರಿಯ ನೂರನೇ ಒಂದು ಭಾಗದವರೆಗೆ ತಿಳಿದಿರಬೇಕು. ಇಲ್ಲವೇ ಪಕ್ಕದಲ್ಲೇ ಗೊತ್ತಿರುವ ನೀರು ತುಂಬಿದ ಇನ್ನೊಂದು ಸಂದು ಇಟ್ಟು ಎರಡನ್ನೂ ಹೋಲಿಸಬೇಕು. ನಿಜ ಹೇಳಬೇಕೆಂದರೆ ಬರೀ ಉಪ್ಪಿಗಾದರೆ ವಿದ್ಯುತ್ ಅಳೆಯುವ ಮೀಟರೇ ಸಾಕು, ಅಗ್ಗವೂ ಹೌದು.

ಆಲ್ಕೋಹಾಲಿನ ಕತೆ ಇನ್ನೂ ವಿಚಿತ್ರ. 20 ಡಿಗ್ರಿಯ ನೀರಿನಲ್ಲಿ ವೇಗ 1482, ಶುದ್ಧ ಎಥೆನಾಲ್‌ನಲ್ಲಿ 1150ರ ಸುಮಾರು. ಬೆರೆಸುತ್ತಾ ಹೋದರೆ ನೇರವಾಗಿ ಇಳಿಯಬೇಕಲ್ವಾ? ಹಾಗಾಗುವುದಿಲ್ಲ. ಮೊದಲು ಏರುತ್ತದೆ, ಕಾಲು ಪಾಲಿನ ಆಸುಪಾಸಿನಲ್ಲಿ 1600 ದಾಟಿ, ಆಮೇಲೆ ಇಳಿಯುತ್ತದೆ. ನೀರು ಮತ್ತು ಆಲ್ಕೋಹಾಲಿನ ಅಣುಗಳು ಒಂದಕ್ಕೊಂದು ಒತ್ತೊತ್ತಾಗಿ ಕೂರುವುದರಿಂದ ಹೀಗೆ. ಪರಿಣಾಮ ಏನೆಂದರೆ ಒಂದೇ ವೇಗಕ್ಕೆ ಎರಡು ಬೇರೆ ಬೇರೆ ಮಿಶ್ರಣಗಳಿವೆ. ಶೇಂದಿ ಹುಳಿಯುವಾಗ ಸಕ್ಕರೆ ಇಳಿಯುತ್ತದೆ, ಆಲ್ಕೋಹಾಲು ಏರುತ್ತದೆ. ಸಕ್ಕರೆಯೂ ವೇಗ ಹೆಚ್ಚಿಸುವಂಥದ್ದು, ಸ್ವಲ್ಪ ಆಲ್ಕೋಹಾಲೂ ಹೆಚ್ಚಿಸುವಂಥದ್ದು. ವೇಗವೊಂದನ್ನೇ ನೋಡಿ ಯಾವುದು ಎಷ್ಟು ಎಂದು ಹೇಳಲು ಬರುವುದಿಲ್ಲ.

ಗುಳ್ಳೆಗಳು ಎಲ್ಲಕ್ಕಿಂತ ಕಾಟ. ನೀರಿನಲ್ಲಿ ನೂರಕ್ಕೆ ಒಂದು ಪಾಲು ಗಾಳಿ ಸಣ್ಣ ಗುಳ್ಳೆಗಳಾಗಿ ಹರಡಿದ್ದರೆ ಶಬ್ದದ ವೇಗ 1500ರಿಂದ ನೂರು ಚಿಲ್ಲರೆಗೆ ಬೀಳಬಹುದು. ಬರೀ ಗಾಳಿಯಲ್ಲಿ ಇರುವುದಕ್ಕಿಂತಲೂ ಕಮ್ಮಿ! ಭಾರ ನೀರಿನದ್ದು, ಅದುಮಲು ಮಾತ್ರ ಗಾಳಿಯಷ್ಟು ಮೆತ್ತಗೆ, ಅದಕ್ಕೇ. ಆಗಷ್ಟೇ ಕರೆದ ನೊರೆ ಹಾಲನ್ನು ಸ್ವಲ್ಪ ಹೊತ್ತು ಬಿಟ್ಟು ಪರೀಕ್ಷೆಗೆ ಇಡಬೇಕು ಎನ್ನುವುದಕ್ಕೆ ಇದು ದೊಡ್ಡ ಕಾರಣ.

ಹಾಗಾದರೆ ದಾರಿ? ಒಂದು ಅಂಕಿ ಸಾಲದಿದ್ದರೆ ಹಲವು ಅಂಕಿ ಪಡೆಯುವುದು. ಹಾಲಿನ ಪೆಟ್ಟಿಗೆಗಳಲ್ಲಿ ಈ ಜಾಣತನ ಆಗಲೇ ಇದೆ. ಬಿಸಿ ಏರಿದಂತೆ ನೀರಿನಲ್ಲಿ ಶಬ್ದದ ವೇಗ ಏರುತ್ತದೆ, ಕೊಬ್ಬಿನಲ್ಲಿ ಇಳಿಯುತ್ತದೆ. ಒಂದೇ ಹಾಲನ್ನು ಎರಡು ಉಷ್ಣತೆಯಲ್ಲಿ ಅಳೆದರೆ ಕೊಬ್ಬಿನ ಪಾಲನ್ನೂ ಉಳಿದ ಘನ ಅಂಶದ ಪಾಲನ್ನೂ ಬಿಡಿಸಬಹುದು. ಅಡ್ಡಿಯಾಗಿದ್ದ ಉಷ್ಣತೆಯೇ ಇಲ್ಲಿ ಕೆಲಸಕ್ಕೆ ಬಂತು. ಮೆಟಾಮೆಟೀರಿಯಲ್ ಇದಕ್ಕೆ ಇನ್ನಷ್ಟು ಕೊಡುತ್ತದೆ. ಒಂದೇ ತುಂಡಿನಲ್ಲಿ ಬೇರೆ ಬೇರೆ ಅಳತೆಯ ಸಂದು ಮಾಡಿದರೆ ಹಲವು ಮೊನೆಗಳು ಬರುತ್ತವೆ. ಕೆಲವು ಮೊನೆಗಳು ವೇಗಕ್ಕೆ ಹೆಚ್ಚು ಜರುಗುತ್ತವೆ. ಗೋಡೆಯನ್ನು ಹೆಚ್ಚು ಅಲ್ಲಾಡಿಸುವಂಥವು ಸಾಂದ್ರತೆಗೆ ಹೆಚ್ಚು ಜರುಗುತ್ತವೆ. ಅಗಲ ನೋಡಿದರೆ ಮಂದತನ ಸಿಗುತ್ತದೆ. ಈ ಎಲ್ಲ ಅಂಕಿಗಳನ್ನು ಒಟ್ಟಿಗಿಟ್ಟು, ಮೊದಲೇ ಗೊತ್ತಿರುವ ಮಾದರಿಗಳ ಜೊತೆ ಕಂಪ್ಯೂಟರ್ ಹೋಲಿಸುತ್ತದೆ. ಅದರಲ್ಲೂ ಎಮ್ಮೆ ಹಾಲಿನ ಮೇಲೆ ಕಲಿತ ಯಂತ್ರವನ್ನು ದನದ ಹಾಲಿಗೆ ಹಾಗೇ ಬಳಸಲು ಬರುವುದಿಲ್ಲ. ತೆಂಗಿನೆಣ್ಣೆಗೆ ತಾಳೆ ಎಣ್ಣೆ ಬೆರೆಸಿದ್ದಾರಾ ಎಂಬ ಪ್ರಶ್ನೆಗಂತೂ ಎರಡರಲ್ಲೂ ವೇಗ ಬಹಳ ಹತ್ತಿರ. ಅಲ್ಲಿ ನನಗೆ ಹೆಚ್ಚು ಭರವಸೆ, ಎಣ್ಣೆ ಎಷ್ಟು ಅಯೋಡಿನ್ ಹೀರುತ್ತದೆ ಎಂದು ನೋಡುವ ಲ್ಯಾಬಿನ ಪರೀಕ್ಷೆಯ ಮೇಲೆಯೇ.

ತೊಳೆಯುವ ಸಮಸ್ಯೆಯೂ ಸಣ್ಣದಲ್ಲ. ಮಿಲಿಮೀಟರಿನ ಮೂಲೆಗಳಲ್ಲಿ ಹಾಲಿನ ಜಿಡ್ಡು ಕೂತರೆ ನಾಳೆಯ ಅಂಕಿ ಹಾಳು. ಅದಕ್ಕೆ ಈಚೆಗೆ ಒಲವು ಕೊಳವೆಯ ಕಡೆ ತಿರುಗಿದೆ. ದ್ರವ ನುಣುಪಾದ ನೇರ ಕೊಳವೆಯಲ್ಲಿ ಹರಿಯುತ್ತದೆ. ಬಳೆಗಳಂಥ ಉಬ್ಬುತಗ್ಗಿನ ಸಾಲು ರಚನೆ ಕೊಳವೆಯ ಹೊರಮೈಯಲ್ಲಿರುತ್ತದೆ. ದ್ರವಕ್ಕೆ ಅದು ಅಡ್ಡ ಬರುವುದೂ ಇಲ್ಲ, ಕೊಳೆ ಕೂರಲು ಮೂಲೆಯೂ ಇಲ್ಲ.

ಇಂಥ ಕೊಳವೆ ಎಲ್ಲಿ ಮೊದಲು ಕೆಲಸಕ್ಕೆ ಬರಬಹುದು ಎಂದು ಕೇಳಿದರೆ ನಾನು ನಮ್ಮದೇ ಊರಿನ ಒಂದು ಪೈಪನ್ನು ತೋರಿಸುತ್ತೇನೆ. ಎಂಆರ್‌ಪಿಎಲ್ ರಿಫೈನರಿಯ ಸರಕು ಮಂಗಳೂರಿನಿಂದ ಹಾಸನ ದಾಟಿ ಬೆಂಗಳೂರು ಬಳಿಯ ದೇವನಗೊಂದಿಗೆ ಪೈಪ್‌ಲೈನಿನಲ್ಲಿ ಹೋಗುತ್ತದೆ. ಒಂದೇ ಪೈಪಿನಲ್ಲಿ ಡೀಸೆಲ್ ಹಿಂದೆ ಪೆಟ್ರೋಲ್, ಹೀಗೆ ಸರದಿಯ ಮೇಲೆ. ಎರಡೂ ಸೇರುವ ಜಾಗದಲ್ಲಿ ಒಂದಿಷ್ಟು ಬೆರಕೆ ಆಗಿಯೇ ಆಗುತ್ತದೆ. ಆ ಬೆರಕೆ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂದು ತಿಳಿದು ಟ್ಯಾಂಕಿನ ವಾಲ್ವ್ ಬದಲಿಸಬೇಕು. ಇಲ್ಲಿ ದ್ರವ ಯಾವುದು ಎಂಬ ಪ್ರಶ್ನೆಯಿಲ್ಲ, ಎರಡೂ ಮೊದಲೇ ಗೊತ್ತು. ಎರಡರಲ್ಲೂ ಶಬ್ದದ ವೇಗಕ್ಕೆ ನೂರು ಮೀಟರಿಗೂ ಮೀರಿದ ವ್ಯತ್ಯಾಸವಿದೆ. ಒಂದೇ ಒಂದು ಮೊನೆ ಜರುಗುವುದನ್ನು ನೋಡುತ್ತಾ ಕೂತರೆ ಸಾಕು.